ಕ್ಲೆಮೆಂಟಿಯಲ್ಲಿ ಬಾಣಂತಿ ನೀರು

ನನ್ನ ಬಟ್ಟೆ ಬೀರುವಿನ ಮೇಲೆ, ಖಾಲಿ ಸೂಟ್‌ಕೇಸಿನ ಹಿಂದೆ, ನೀರು ಕಾಯಿಸುವ ಒಂದು ಹಳೇ ರಾಡು ಬಿದ್ದಿದೆ. ಸುರುಳಿ ಸುರುಳಿಯಾಗಿ, ಬಕೆಟ್ಟಿಗೆ ಇಳಿಬಿಟ್ಟು ಸ್ವಿಚ್ ಹಾಕುವಂಥದ್ದು. ಹೋದ ಭಾನುವಾರ ಕೊಡೆ ಹುಡುಕುತ್ತಾ ಕುರ್ಚಿ ಹತ್ತಿದವನ ಕೈಗೆ ಅದು ಸಿಕ್ಕಿ, ಕೊಡೆ ಮರೆತುಹೋಗಿ, ಕುರ್ಚಿಯ ಮೇಲೇ ಸುಮಾರು ಹೊತ್ತು ನಿಂತುಬಿಟ್ಟೆ. ವರ್ಷವಿಡೀ ಬೆವರುವ ಸಿಂಗಪುರದಲ್ಲಿ ಇವನಿಗೆ ರಾಡು ಯಾಕೆ ಎಂದು ನೀವು ಕೇಳಬಹುದು. ಅದು ನನ್ನದಲ್ಲ, ರುಕ್ಮಿಣಮ್ಮನವರದು. ಬಿಸಾಕಲು ನನಗೆ ಮನಸ್ಸಿಲ್ಲ, ಬಳಸಲು ಧೈರ್ಯವಿಲ್ಲ.

ರುಕ್ಮಿಣಮ್ಮನವರ ವಿಷಯಕ್ಕೆ ಬರುವ ಮುಂಚೆ ನಮ್ಮ ಬೀದಿಯ ವಿಷಯ ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ ದಡ್ಡತನದ ಮೂಲ ನಿಮಗೆ ತಿಳಿಯುವುದಿಲ್ಲ, ಸುಮ್ಮನೆ ಹುಟ್ಟುದಡ್ಡ ಅಂದುಕೊಂಡುಬಿಡುತ್ತೀರಿ.

ನಾನು ಬೆಳೆದದ್ದು ಮೈಸೂರಿನ ಒಂದು ಚಿಕ್ಕ ಬೀದಿಯಲ್ಲಿ. ಹನ್ನೆರಡು ಮನೆ. ನನಗೆ ನೆನಪಿರುವ ಮೊದಲ ಚಳಿಗಾಲಗಳಲ್ಲಿ ಎಲ್ಲರ ಬಚ್ಚಲಲ್ಲೂ ತಾಮ್ರದ ಹಂಡೆಯಿತ್ತು, ಅದರ ಕೆಳಗೆ ಒಬ್ಬರ ಮನೆಯಲ್ಲಿ ತೆಂಗಿನ ಸಿಪ್ಪೆ ಉರಿಯುತ್ತಿತ್ತು, ಇನ್ನೊಬ್ಬರ ಮನೆಯಲ್ಲಿ ಮರದ ಹೊಟ್ಟು, ನಮ್ಮ ಮನೆಯಲ್ಲಿ ಅಪ್ಪನ ಆಫೀಸಿನಿಂದ ಬಂದ ಒಡೆದ ಪ್ಯಾಕಿಂಗ್ ಪೆಟ್ಟಿಗೆಗಳು. ಸ್ಕೂಲಿನಲ್ಲಿ ಕಣ್ಣು ಮುಚ್ಚಿಕೊಂಡು ಪಕ್ಕದಲ್ಲಿ ಕೂತವನ ಅಂಗಿ ಮೂಸಿದರೆ ಅವರ ಮನೆಯಲ್ಲಿ ಏನು ಉರಿಸುತ್ತಾರೆಂದು ಹೇಳಬಹುದಿತ್ತು. ಆಮೇಲೆ ಒಬ್ಬೊಬ್ಬರ ಮನೆಗೂ ರಾಡು ಬಂತು. ಹೊಗೆ ಹೋಯಿತು, ಅಮ್ಮನ ಕೆಮ್ಮು ಹೋಯಿತು, ವೋಲ್ಟೇಜಿನ ಕಾಟ ಶುರುವಾಯಿತು. ಧನುರ್ಮಾಸದ ಬೆಳಿಗ್ಗೆ ಹನ್ನೆರಡು ಮನೆಯ ರಾಡೂ ಒಟ್ಟಿಗೆ ನೀರಿಗಿಳಿದರೆ ಬಲ್ಬುಗಳು ಕುಂಕುಮದ ಬಣ್ಣಕ್ಕೆ ತಿರುಗುತ್ತಿದ್ದವು, ಬೀದಿ ಕೊನೆಯ ಟ್ರಾನ್ಸ್‌ಫಾರ್ಮರಿನಲ್ಲಿ ಢಬ್ ಎಂದು ಫ್ಯೂಸು ಹೋಗುತ್ತಿತ್ತು. ಲೈನ್‌ಮನ್ ಬರುತ್ತಿದ್ದದ್ದು ಹತ್ತು ಗಂಟೆಯ ಮೇಲೆ, ಅದೂ ಅವರ ಮನೆಯಲ್ಲಿ ಬಿಸಿನೀರಿನ ಸ್ನಾನ ಮುಗಿದ ಮೇಲೆ ಎಂದು ನಮ್ಮ ಅನುಮಾನ.

ಅದಕ್ಕೇ ಬೀದಿಯ ಹೆಂಗಸರು ಒಂದು ಪದ್ಧತಿ ಮಾಡಿಕೊಂಡರು. ಒಂದು ಸಲಕ್ಕೆ ನಾಲ್ಕೇ ರಾಡು. ತನ್ನ ಬಕೆಟ್ ಕಾದವಳು ಕಾಂಪೌಂಡಿನ ಹತ್ತಿರ ಬಂದು ಮುಂದಿನ ಮನೆಯವಳಿಗೆ ಕೂಗಬೇಕು: “ನಮ್ದಾಯ್ತು ಕಣ್ರೀ, ನೀವು ಹಾಕ್ಕೊಳ್ಳಿ.” ಹೀಗೆ ಸರದಿ ಗೋಡೆಯಿಂದ ಗೋಡೆಗೆ ಹೋಗುತ್ತಿತ್ತು. ನನಗಾಗ ಒಂಬತ್ತು ವರ್ಷ. ಬೀದಿಯ ಹನ್ನೆರಡು ಮನೆಯ ಗಂಟಲೂ ಆ ಹೊತ್ತಿಗೇ ನನ್ನ ಗಂಟಲಿನಲ್ಲಿತ್ತು. ಪದ್ಮಮ್ಮನವರದು ಮೂಗಿನ ರಾಗ, ಸಾವಿತ್ರಮ್ಮನವರದು ಕೊನೆಯಲ್ಲಿ ಎಳೆತ. ಒಂದು ಬೆಳಿಗ್ಗೆ ಚಳಿ ತಡೆಯಲಾರದೆ ಗೋಡೆಯ ಹಿಂದೆ ಕೂತು ಪದ್ಮಮ್ಮನವರ ಮೂಗಿನಿಂದ “ನಮ್ದಾಯ್ತು ಕಣ್ರೀ” ಎಂದೆ. ಅಮ್ಮ ರಾಡು ಹಾಕಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ರುಚಿ ಹತ್ತಿತ್ತು. ಸಾವಿತ್ರಮ್ಮನವರನ್ನು ಮಾಡಿದೆ, ಅವರ ಪಕ್ಕದವರನ್ನು ಮಾಡಿದೆ, ಎದುರು ಸಾಲಿನ ಇಬ್ಬರನ್ನೂ ಮಾಡಿದೆ. ಢಬ್. ಆವತ್ತು ಇಡೀ ಬೀದಿ ನನ್ನ ಹೆಸರು ಹೇಳಿಕೊಂಡು ತಣ್ಣೀರು ಹುಯ್ದುಕೊಂಡಿತು. ಅಪ್ಪ ಹಲ್ಲು ಕಟಕಟಿಸುತ್ತಾ ಬೈದರು. ಆ ಕಟಕಟಿಸುವ ಬೈಗುಳವನ್ನೂ ಮಾರನೆಯ ದಿನ ಸ್ಕೂಲಿನಲ್ಲಿ ಮಾಡಿ ತೋರಿಸಿದೆ.

ಅಂದಿನಿಂದ ನನ್ನ ತಲೆಯಲ್ಲಿ ಕೂತದ್ದು ಒಂದೇ ವಿಜ್ಞಾನ. ಕರೆಂಟು ಹೋಯಿತೆಂದರೆ ಯಾರೋ ಸರದಿ ಮುರಿದಿದ್ದಾರೆ. ಆಮೇಲೆ ನಾಲ್ಕು ವರ್ಷ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದೆ. ಅದರಿಂದ ಈ ನಂಬಿಕೆಗೆ ಯಾವ ಧಕ್ಕೆಯೂ ಆಗಲಿಲ್ಲ.

ಎರಡು ಸಾವಿರದ ದಶಕದ ಆ ಭರಾಟೆಯಲ್ಲಿ ಕಂಪನಿಗಳು ಹುಡುಗರನ್ನು ಕುಕ್ಕೆಯಲ್ಲಿ ತುಂಬಿಕೊಂಡು ಹೋಗುತ್ತಿದ್ದವು. ಒಂದು ಕುಕ್ಕೆಯಲ್ಲಿ ಗುರು ಎಂಬ ನಾನೂ ಇದ್ದೆ. ಸೆಲೆಟಾರ್‌ನಲ್ಲಿ ವಿಮಾನಗಳ ರಿಪೇರಿ ಮಾಡುವ ಒಂದು ಹ್ಯಾಂಗರಿನಲ್ಲಿ ವೈರಿಂಗ್ ನೋಡುವ ಕೆಲಸ. ವಾಸ ಕ್ಲೆಮೆಂಟಿಯಲ್ಲಿ, ಪ್ರಕಾಶ್ ಮತ್ತು ಸುಧಾ ಎಂಬ ದಂಪತಿಯ, ಸರ್ಕಾರ ಕಟ್ಟಿಸಿದ ಎಚ್‌ಡಿಬಿ ಫ್ಲಾಟಿನ ಚಿಕ್ಕ ರೂಮಿನಲ್ಲಿ. ಪ್ರಕಾಶ್ ಬ್ಯಾಂಕೊಂದರ ಕಂಪ್ಯೂಟರುಗಳನ್ನು ಕಾಯುವವರು, ಮಾತು ಕಡಿಮೆ. ಸುಧಾ ಅದೇ ಬ್ಯಾಂಕಿನವರು, ಮಾತು ಜಾಸ್ತಿ. ನಾನು ಬಾಡಿಗೆಯ ಜೊತೆಗೆ ಮಿಮಿಕ್ರಿಯನ್ನೂ ಸಲ್ಲಿಸುತ್ತಿದ್ದೆ. ಎಂಆರ್‌ಟಿ ರೈಲಿನ ಬಾಗಿಲು ಮುಚ್ಚುವಾಗ ಎಚ್ಚರಿಸುವ ಹೆಂಗಸಿನಿಂದ ಹಿಡಿದು, ಬಾಸಿನ ಫೋನ್ ಬಂದಾಗ ಎದ್ದು ನಿಲ್ಲುವ ಪ್ರಕಾಶ್‌ವರೆಗೆ.

ಆ ಡಿಸೆಂಬರಿನಲ್ಲಿ ಸುಧಾಗೆ ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆ ಅರಸೀಕೆರೆಯಿಂದ ಅವರ ತಾಯಿ ರುಕ್ಮಿಣಮ್ಮ ಬಂದರು. ಅವರ ಸೂಟ್‌ಕೇಸ್ ತೆರೆದಾಗ ನಾನಲ್ಲೇ ಇದ್ದೆ. ಅಂಟಿನುಂಡೆ, ಬಾಣಂತಿ ಖಾರ, ಹರಳೆಣ್ಣೆ, ಸಾಂಬ್ರಾಣಿ, ಒಗೆದು ಒಗೆದು ಮೆತ್ತಗಾದ ಪಂಚೆಗಳು, ಹತ್ತಿಯ ಒಂದು ದೊಡ್ಡ ಸುರುಳಿ, ಇವೆಲ್ಲದರ ನಡುವೆ ಟವೆಲಿನಲ್ಲಿ ಸುತ್ತಿದ ರಾಡು.

“ಆಂಟಿ, ಇಲ್ಲಿ ಚಳಿನೇ ಇಲ್ಲ” ಎಂದೆ.

“ಬಾಣಂತಿಗೆ ಎಲ್ಲಾ ಊರಲ್ಲೂ ಚಳಿನೇ ಕಣಪ್ಪ” ಎಂದರು.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಚಳಿ ಇತ್ತು, ಈ ಊರಿನ ಅಳತೆಗೆ. ನಾಲ್ಕೈದು ದಿನದಿಂದ ಬಿಡದ ಮಳೆ. ಕಾರಿಡಾರಿನ ಕಡೆಯ ಗಾಜಿನ ಪಟ್ಟಿ ಕಿಟಕಿಗಳಿಂದ ಸೊಂಯ್ ಎಂದು ಗಾಳಿ. ಬಸ್ ಸ್ಟಾಪಿನಲ್ಲಿ ಜನ ಜಾಕೆಟ್ ಹಾಕಿಕೊಂಡು ಊಟಿಗೆ ಬಂದವರ ಹಾಗೆ ನಿಂತಿರುತ್ತಿದ್ದರು.

ಸುಧಾ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ರುಕ್ಮಿಣಮ್ಮ ಬಚ್ಚಲು ಪರೀಕ್ಷೆ ಮಾಡಿದರು. ಗೋಡೆಯ ಹೀಟರಿನ ಶವರ್ ತಿರುಗಿಸಿ ಅಂಗೈ ಒಡ್ಡಿ ನೋಡಿದರು.

“ಇದೇನೋ ಗುರು, ಗಿಡಕ್ಕೆ ನೀರು ಹಾಕೋ ಹಾಗಿದೆ. ಬಾಣಂತಿ ಬೆನ್ನಿಗೆ ಚೊಂಬಲ್ಲಿ ಎತ್ತಿ ಹುಯ್ಬೇಕು. ಹಬೆ ಏಳ್ಬೇಕು.”

ಗ್ಯಾಸಿನ ಒಲೆಯ ಮೇಲೆ ಕಾಯಿಸಬಹುದಲ್ಲ ಎಂದರು ಪ್ರಕಾಶ್. ಪುರುಡು ಕಳೆಯುವವರೆಗೆ ಬಾಣಂತಿ ಸ್ನಾನದ ನೀರನ್ನು ಅಡುಗೆ ಒಲೆಯ ಮೇಲೆ ಇಡುವ ಹಾಗಿಲ್ಲ ಎಂದು ರುಕ್ಮಿಣಮ್ಮ. ಹಾಗಾಗಿ ರಾಡೇ ಗತಿ. ಅದರ ದುಂಡು ಪಿನ್ನಿನ ಪ್ಲಗ್ಗನ್ನು ಕತ್ತರಿಸಿ, ಇಲ್ಲಿಯ ಚೌಕ ಪಿನ್ನಿನ ಪ್ಲಗ್ಗನ್ನು ನಾನೇ ಕೂಡಿಸಿಕೊಟ್ಟೆ. ಅರ್ತಿನ ವೈರನ್ನೂ ಬಿಡದೆ ಬಿಗಿಮಾಡಿ, ವಿಮಾನಕ್ಕೆ ಮಾಡುವಷ್ಟೇ ಶ್ರದ್ಧೆಯಿಂದ. ಅಡುಗೆಮನೆಯ ಮೂಲೆಯಲ್ಲಿ ಬಕೆಟ್ ಇಟ್ಟು, ರಾಡು ಇಳಿಸಿ, ಸ್ವಿಚ್ ಹಾಕಿದರು.

ಫಟ್. ಫ್ಯಾನು, ಫ್ರಿಜ್ಜು, ಸುಧಾ ರೂಮಿನ ಎಸಿ, ದೀಪ, ಎಲ್ಲಾ ನಿಂತವು. ಮಗು ಎದ್ದು ಕಿರುಚಿತು. ಪಕ್ಕದ ಫ್ಲಾಟಿನ ಲಿಮ್ ಆಂಟಿ, ಅರವತ್ತೈದು ದಾಟಿದ ಚೀನೀ ಹೆಂಗಸು, ಗೇಟಿನಲ್ಲಿ ಇಣುಕಿದರು.

“ಬ್ಲಾಕ್‌ಔಟ್ ಆಹ್? ಮೈ ಹೌಸ್ ಗಾಟ್ ಲೈಟ್, ವಾಟ್.”

ಹಾಗೇ ಅವರ ಕಣ್ಣು ತೆರೆದ ಕಿಟಕಿಗೆ ಬಿತ್ತು. ಒಳಗೆ ಬಂದು, ಯಾರನ್ನೂ ಕೇಳದೆ ಪಟಪಟನೆ ಗಾಜಿನ ಪಟ್ಟಿಗಳನ್ನು ಮುಚ್ಚಿದರು. ಹೆತ್ತವಳಿಗೆ ಗಾಳಿ ತಾಗಿದರೆ ಅದು ಮೂಳೆಯೊಳಗೆ ಹೋಗಿ ಕೂತು ಮುದಿತನದಲ್ಲಿ ಎದ್ದು ಬರುತ್ತದೆಂದು ಅವರ ಇಂಗ್ಲಿಷಿನಲ್ಲಿ ಹೇಳಿದರು. ನಾನು ಕನ್ನಡಕ್ಕೆ ತಂದೆ.

“ಅದನ್ನೇ ನಾನೂ ಬಡ್ಕೋತಿರೋದು” ಎಂದರು ರುಕ್ಮಿಣಮ್ಮ, ಅರಸೀಕೆರೆ ಬಿಟ್ಟ ಮೇಲೆ ಮೊದಲ ಸಲ ತಿಳಿದವರೊಬ್ಬರನ್ನು ಕಂಡ ಹಾಗೆ.

ಬಾಣಂತಿಗೆ ತಲೆಗೆ ನೀರು ಹಾಕುತ್ತಾರೆಂದು ಗೊತ್ತಾದಾಗ ಮಾತ್ರ ಲಿಮ್ ಆಂಟಿ ಎದೆ ಹಿಡಿದುಕೊಂಡರು. ಅವರಲ್ಲಿ ತಿಂಗಳು ತುಂಬುವವರೆಗೆ ತಲೆಗೆ ನೀರೇ ಸೋಕಿಸುವುದಿಲ್ಲವಂತೆ. “ಹಂಗಾದ್ರೆ ತಲೆ ನಾರಲ್ವಾ ಕೇಳು” ಎಂದರು ರುಕ್ಮಿಣಮ್ಮ. ಆ ಪ್ರಶ್ನೆಯನ್ನು ನಾನು ಅನುವಾದ ಮಾಡಲಿಲ್ಲ.

ನಾನು ಬಾಗಿಲ ಬಳಿಯ ಮೇನ್ ಸ್ವಿಚ್ಚಿನ ಡಬ್ಬಿಯ ಲಿವರ್ ಎತ್ತಿ, ತಲೆದೂಗಿ, ತೀರ್ಪು ಕೊಟ್ಟೆ: “ಲೋಡ್ ಜಾಸ್ತಿ ಆಗಿದೆ.”

ಮೈಸೂರಿನ ಬೀದಿ ನನ್ನೊಳಗೆ ಎದ್ದು ಕೂತಿತು. ಒಂದು ಹಾಳೆಯಲ್ಲಿ ಸರದಿ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ರಾಡು ಹಾಕುವಾಗ ಎಸಿ ಇಲ್ಲ, ವಾಷಿಂಗ್ ಮೆಷೀನ್ ಇಲ್ಲ, ಇಸ್ತ್ರಿ ಇಲ್ಲ. ಮಾರನೆಯ ದಿನ ಎಸಿ ಆರಿಸಿದೆವು. ಫಟ್. ಅದರ ಮಾರನೆಯ ದಿನ ಫ್ಯಾನೂ ಆರಿಸಿದೆವು. ಫಟ್. ನಾಲ್ಕನೆಯ ದಿನ ಫ್ರಿಜ್ಜಿನ ಪ್ಲಗ್ಗೂ ಕಿತ್ತು, ಪ್ರಕಾಶ್ ಫೋನಿನ ಚಾರ್ಜರನ್ನೂ ಬಿಡದೆ ಕಿತ್ತು, ಆರತಿಗೆ ಕಾದವರಂತೆ ನಿಂತು ಸ್ವಿಚ್ ಹಾಕಿದೆವು. ಫಟ್. ಕೆಳಗೆ ರಸ್ತೆಯುದ್ದಕ್ಕೂ ಕ್ರಿಸ್‌ಮಸ್ಸಿನ ದೀಪಗಳು ಉರಿಯುತ್ತಿದ್ದವು. ಇಡೀ ದ್ವೀಪದಲ್ಲಿ ಕರೆಂಟಿಲ್ಲದ ಮನೆ ನಮ್ಮದೊಂದೇ. “ಹಳೇ ಬಿಲ್ಡಿಂಗ್ ನೋಡಿ, ವೈರಿಂಗ್ ವೀಕ್” ಎಂದೆ ನಾನು. ಪ್ರಕಾಶ್ ನಂಬಿದರು. ನಾನು ಇಂಜಿನಿಯರ್ ತಾನೆ.

ಆ ದಿನ ಮಗು ಸೆಕೆಗೆ ಎದ್ದು ಅರ್ಧ ಗಂಟೆ ಅತ್ತಿತು. ಸುಧಾ ಹೊಲಿಗೆಯ ನೋವಿನಲ್ಲಿ, ಮೂರು ದಿನದ ನಿದ್ದೆಗೇಡಿನಲ್ಲಿ, ರೂಮಿನಿಂದ ಹೊರಗೆ ಬಂದರು.

“ಅಮ್ಮಾ, ಸಾಕು. ಇಲ್ದೇ ಇರೋ ಚಳಿಗೆ ಇಷ್ಟೆಲ್ಲ ಯಾಕೆ? ನಾನು ಶವರಲ್ಲೇ ಮಾಡ್ಕೋತೀನಿ. ನೀನು ಸುಮ್ನೆ ಕೂತ್ಕೊ.”

ರುಕ್ಮಿಣಮ್ಮ ರಾಡಿನ ಸ್ವಿಚ್ ತೆಗೆದರು. ಬಕೆಟ್ಟಿನ ನೀರನ್ನು ಚೊಂಬುಚೊಂಬಾಗಿ ಕಿಟಕಿಯ ಗಿಡಗಳಿಗೆ ಹಾಕಿದರು, ರಾಡನ್ನು ಒರೆಸಿ ಟವೆಲಿನಲ್ಲಿ ಸುತ್ತಿದರು. ಮರುದಿನ ಅಡುಗೆ ಮಾಡಿದರು, ಮಗುವನ್ನು ಎತ್ತಿಕೊಂಡರು, ಕೂತರು. ಅವರು ಕೂತದ್ದನ್ನು ನಾನು ಆ ಮನೆಯಲ್ಲಿ ನೋಡಿದ್ದು ಅದೇ ಮೊದಲು. ನೋಡಲು ಚೆನ್ನಾಗಿರಲಿಲ್ಲ.

ಮನೆ ತುಂಬಾ ಬಿಗುಮಾನ ತುಂಬಿದರೆ ನನಗೆ ಕೈಕಾಲು ಆಡುವುದಿಲ್ಲ. ಬುಧವಾರ ಸಾಯಂಕಾಲ ರುಕ್ಮಿಣಮ್ಮ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾರೆಂದು ಖಚಿತಪಡಿಸಿಕೊಂಡು, ಸೋಫಾದಲ್ಲಿ ಸಪ್ಪಗೆ ಕೂತಿದ್ದ ಸುಧಾ ಮುಂದೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿದ ಹಾಗೆ ಮಾಡಿ ಹೇಳಿದೆ:

“ಸುಧಾ, ಕಿವಿಗೆ ಹತ್ತಿ ಇಟ್ಕೊಂಡ್ಯಾ? ಇಟ್ಕೊಂಡೆ ಅಂತೀಯ, ಎಲ್ಲಿದೆ ತೋರ್ಸು.”

ಸುಧಾ ನಕ್ಕರು. ಹೆರಿಗೆಯಾದ ಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ನೀರು ನಿಲ್ಲಲಿಲ್ಲ, ಆಮೇಲೆ ಅದು ನಗು ಆಗಿರಲಿಲ್ಲ. ನಾನು ಏನು ಮಾಡಬೇಕೆಂದು ತಿಳಿಯದೆ ತಿರುಗಿದರೆ ಒಣಗಿದ ಬಟ್ಟೆಯ ರಾಶಿ ಅಪ್ಪಿಕೊಂಡು ರುಕ್ಮಿಣಮ್ಮ ನಿಂತಿದ್ದರು.

ಸುಧಾ ಮುಖ ಒರೆಸಿಕೊಂಡು ಒಳಗೆ ಹೋದರು. ನಾನು ನೆಲ ನೋಡಿದೆ.

“ಗುರು, ಬಾ ಇಲ್ಲಿ” ಎಂದರು ರುಕ್ಮಿಣಮ್ಮ. “ಹತ್ತಿ ಅನ್ನೋದು ಹಂಗಲ್ಲ. ನೀನು ತುಂಬಾ ಮೆತ್ತಗೆ ಹೇಳ್ತೀಯ. ಮೆತ್ತಗೆ ಹೇಳಿದ್ರೆ ಅವಳು ಕೇಳಲ್ಲ, ಚಿಕ್ಕೋಳಿದ್ದಾಗಿಂದ್ಲೂ. ಸ್ವಲ್ಪ ಗದರ್ಬೇಕು. ಹೇಳು ನೋಡೋಣ.”

ನಾನು ಹೇಳಿದೆ.

“ಇನ್ನೊಂಚೂರು. ಹಾಂ. ಹಾಗೇನೇ ‘ಬಿಸಿ ಇದ್ದಾಗ್ಲೇ ಕುಡಿ’ ಅನ್ನೋದನ್ನೂ ಕಲ್ತ್ಕೊ. ಲೋಟ ಕೆಳಗಿಟ್ಟು ಟೀವಿ ನೋಡ್ತಾಳೆ, ಆರಿಹೋಗತ್ತೆ.”

ಅದನ್ನೂ ಕಲಿತೆ. ಅದುವರೆಗೆ ನಾನು ಅನುಕರಿಸಿದವರು ಯಾರೂ ಎದುರಿಗೆ ಕೂತು ತಿದ್ದಿಕೊಟ್ಟಿರಲಿಲ್ಲ. ಸರ್ಟಿಫಿಕೇಟ್ ಸಿಕ್ಕಿದವನ ಹಾಗೆ ಉಬ್ಬಿಹೋದೆ.

ಮಾರನೆಯ ಬೆಳಿಗ್ಗೆ ಪ್ರಕಾಶ್ ನನ್ನ ಜೊತೆಗೇ ಲಿಫ್ಟಿನಲ್ಲಿ ಇಳಿದು, ವಾಯ್ಡ್ ಡೆಕ್ ಎನ್ನುವ ಕೆಳಗಿನ ಖಾಲಿ ಅಂಗಳದಲ್ಲಿ ಕಂಬದ ಹತ್ತಿರ ನಿಂತರು.

“ಅತ್ತೆ ವಾಪಸ್ ಹೋಗ್ತಾರಂತೆ. ಜನವರಿ ಟಿಕೆಟ್ಟನ್ನ ಈ ಭಾನುವಾರ ಬೆಳಿಗ್ಗೆಗೆ ಚೇಂಜ್ ಮಾಡ್ಸಿದೀನಿ.”

“ನಾಮಕರಣ?”

“ಅದಕ್ಕೂ ನಿಲ್ಲಲ್ಲ ಅಂದ್ರು. ‘ನಾನು ಬಂದಾಗಿಂದ ನಿಮ್ಮನೇಲಿ ದೀಪ ನಿಲ್ತಿಲ್ಲ, ಕೈಲಾಗೋ ಕೆಲಸಾನೂ ಇಲ್ಲ, ಇನ್ಯಾಕೆ’ ಅಂತಾರೆ. ಸುಧಾನೂ ಇರು ಅನ್ನಲ್ಲ. ಇಬ್ರೂ ಒಂದೇ ಅಚ್ಚು.” ಅಷ್ಟು ಮಾತನ್ನು ಪ್ರಕಾಶ್ ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ.

ಬಸ್ಸಿನಲ್ಲಿ ಕೂತಾಗ ನನಗೆ ಹೊಳೆಯಿತು. ನಿನ್ನೆ ರುಕ್ಮಿಣಮ್ಮ ನನ್ನ ಮಿಮಿಕ್ರಿ ತಿದ್ದುತ್ತಿರಲಿಲ್ಲ. ತಾವು ಇಲ್ಲದಾಗ ಆ ಮಾತುಗಳನ್ನು ಹೇಳಲು ಒಬ್ಬನನ್ನು ನೇಮಿಸಿ ಹೋಗುತ್ತಿದ್ದರು.

ಹ್ಯಾಂಗರಿನಲ್ಲಿ ಆ ದಿನ ನನಗೆ ಕೈ ಓಡಲಿಲ್ಲ. ನನ್ನ ಸೂಪರ್‌ವೈಸರ್ ರಹೀಮ್, ಮೂವತ್ತು ವರ್ಷ ವಿಮಾನದ ಹೊಟ್ಟೆಯೊಳಗೇ ಕಳೆದ ಮಲಯ್ ಮನುಷ್ಯ, ಏನಾಯಿತೆಂದು ಕೇಳಿದ. ರಾಡು, ಸರದಿ ಪಟ್ಟಿ, ವೀಕ್ ವೈರಿಂಗ್, ಎಲ್ಲಾ ಹೇಳಿದೆ.

“ಎಲ್ಲಾ ಆಫ್ ಮಾಡಿದ ಮೇಲೂ ಟ್ರಿಪ್ ಆಯಿತಾ?” ಎಂದ ಇಂಗ್ಲಿಷಿನಲ್ಲಿ.

“ಹೌದು.”

“ದೆನ್ ಹೌ ಕ್ಯಾನ್ ಬಿ ಲೋಡ್, ಲಾಹ್? ಯು ಚೆಕ್ ದ ರಾಡ್ ಆರ್ ಯು ಓನ್ಲಿ ಥಿಂಕ್?”

ನಾನು ಓನ್ಲಿ ಥಿಂಕ್ ಮಾಡಿದ್ದೆ. ದಿನವೂ ವಿಮಾನದ ತಂತಿಗಳಲ್ಲಿ ಕರೆಂಟು ಎಲ್ಲಿ ಸೋರುತ್ತದೆಂದು ಮೀಟರ್ ಹಿಡಿದು ಹುಡುಕುವವನು, ಮನೆಯಲ್ಲಿ ಒಂದು ರಾಡಿಗೆ ಮೀಟರ್ ಹಿಡಿದಿರಲಿಲ್ಲ. ರಹೀಮ್ ತನ್ನ ಸ್ವಂತ ಮೀಟರನ್ನು ಕೊಟ್ಟು, ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ಮಾತ್ರ ನಾನು ಇವತ್ತಿಗೂ ಯಾರ ಮುಂದೆಯೂ ಅನುಕರಿಸಿಲ್ಲ.

ಶನಿವಾರ ಮಧ್ಯಾಹ್ನ ರುಕ್ಮಿಣಮ್ಮ ಸೂಟ್‌ಕೇಸ್ ತುಂಬುತ್ತಿದ್ದರು. ನಾನು ರಾಡು ಕೇಳಿ ತೆಗೆದುಕೊಂಡು, ಅವರ ಎದುರಿಗೇ ನೆಲದಲ್ಲಿ ಕೂತು ಮೀಟರ್ ಹಚ್ಚಿದೆ. ಮುಳ್ಳು ಸೋತು ಮಲಗಿತು.

“ಆಂಟಿ, ಊರಲ್ಲಿ ಈ ರಾಡು ಇದ್ದಾಗ ನೀರು ಮುಟ್ಟಿದ್ರೆ ಜುಮ್ ಅಂತಿತ್ತಾ?”

“ಅನ್ನತ್ತೆ. ಅದು ಇದ್ದದ್ದೇ. ಸ್ವಿಚ್ ತೆಗೆದು ಮುಟ್ಬೇಕು.”

“ಆ ಜುಮ್ ಅನ್ನೋದೇ ಕರೆಂಟು ಸೋರೋದು. ಅಲ್ಲಿ ಇದಕ್ಕೆ ಅರ್ತ್ ಇರ್ಲಿಲ್ಲ, ನಾನು ಇಲ್ಲಿ ಸೇರಿಸ್ದೆ. ಇಲ್ಲಿಯ ಡಬ್ಬಿ ಅಷ್ಟು ಸೋರಿದ್ರೂ ಆಫ್ ಆಗತ್ತೆ. ಲೋಡೂ ಇಲ್ಲ, ವೈರಿಂಗೂ ಅಲ್ಲ. ನಾಲ್ಕು ದಿನ ನಿಮ್ಮನ್ನೆಲ್ಲ ಸುಮ್ನೆ ಕತ್ಲಲ್ಲಿ ಕೂರಿಸ್ದೆ. ತಪ್ಪು ನಂದು.”

ಅವರು ರಾಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

“ಇಪ್ಪತ್ತು ವರ್ಷದಿಂದ ಜುಮ್ ಅಂತಿದೆ. ನಾವು ಸಹಿಸ್ಕೊಂಡ್ವಿ. ಈ ಡಬ್ಬಿಗೆ ಆಗ್ಲಿಲ್ಲ.” ಆಮೇಲೆ, “ಇರ್ಲಿ ಬಿಡು. ಈಗ ರಾಡೂ ಇಲ್ಲ, ನೀರೂ ಇಲ್ಲ. ಇದ್ದು ಏನು ಮಾಡ್ಲಿ” ಎಂದು ಅದನ್ನು ನನ್ನ ಮಡಿಲಲ್ಲೇ ಬಿಟ್ಟು ಸೀರೆ ಮಡಿಸತೊಡಗಿದರು.

ನಾನು ಎದ್ದು ನೇರ ಪಕ್ಕದ ಮನೆಗೆ ಹೋದೆ. ಲಿಮ್ ಆಂಟಿಯ ಮನೆಯಲ್ಲಿ ಹಬ್ಬಗಳಿಗೆ ಸೂಪ್ ಮಾಡುವ ದೊಡ್ಡ ದೊಡ್ಡ ಪಾತ್ರೆಗಳಿದ್ದವು. ವಿಷಯ ಕೇಳಿ ಅವರು, ತಲೆಗೆ ಬೇಡ ಮೈಗೆ ಮಾತ್ರ ಎಂದು ಚೌಕಾಸಿ ಮಾಡಿ, ಸೋತು, ಎರಡು ಬರ್ನರೂ ಹಚ್ಚಿದರು. ಒಂದರೊಳಗೆ ಶುಂಠಿಯ ಸಿಪ್ಪೆಯನ್ನೂ ಹಾಕಿದರು. ನಾನು ಬಂದು ಸುದ್ದಿ ಮುಟ್ಟಿಸಿದೆ.

ರುಕ್ಮಿಣಮ್ಮ ಮಡಿಸುವುದನ್ನು ನಿಲ್ಲಿಸಿದರು. “ಆ ಒಲೆ ಮೇಲೆ ಏನೇನು ಬೇಯಿಸ್ತಾರೋ.”

“ಎಲ್ಲಾನೂ ಬೇಯಿಸ್ತಾರೆ ಆಂಟಿ.” ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ, ಕಾರಿಡಾರಿಗೆಲ್ಲ ವಾಸನೆ ಬರುತ್ತಿತ್ತು.

ಅವರು ಯೋಚಿಸಿದರು. ಆ ಯೋಚನೆಯಲ್ಲಿ ಅರಸೀಕೆರೆಯ ಎಷ್ಟು ತಲೆಮಾರಿನ ಅಜ್ಜಿಯರು ಬಂದು ಹೋದರೋ ಗೊತ್ತಿಲ್ಲ.

“ಅದು ನಮ್ಮ ಅಡುಗೆ ಒಲೆ ಅಲ್ವಲ್ಲ” ಎಂದರು ಕೊನೆಗೆ. “ಹೊರಗಿನ ಒಲೆ. ಹಂಡೆ ಒಲೆ ಇದ್ದ ಹಾಗೆ.”

ಅಷ್ಟು ಹೇಳಿಯೂ ಅವರು ಏಳಲಿಲ್ಲ. ಕಣ್ಣು ಸುಧಾ ರೂಮಿನ ಮುಚ್ಚಿದ ಬಾಗಿಲ ಮೇಲಿತ್ತು. ನೀರು ಸಿಗುವುದು ಒಂದು, ಬೆನ್ನು ಸಿಗುವುದು ಇನ್ನೊಂದು. ಅದಕ್ಕೆ ಮಾತ್ರ ನನ್ನ ಹತ್ತಿರ ಯಾವ ಮೀಟರೂ ಇರಲಿಲ್ಲ.

ಬಾಗಿಲು ತೆರೆಯಿತು. ಸುಧಾ ಹಳೇ ಸೀರೆ ಸುತ್ತಿಕೊಂಡು ಬಂದರು. ತಲೆಯಿಂದ ಹರಳೆಣ್ಣೆ ಕೆನ್ನೆಯ ಮೇಲೆ ಇಳಿಯುತ್ತಿತ್ತು. ನಮ್ಮ ಯಾರ ಮುಖವನ್ನೂ ನೋಡದೆ ಬಚ್ಚಲಿಗೆ ಹೋಗಿ ಮಣೆಯ ಮೇಲೆ ಕೂತರು.

ರುಕ್ಮಿಣಮ್ಮ ಬಾಗಿಲಿನವರೆಗೆ ಹೋಗಿ ನಿಂತರು. “ಎಣ್ಣೆ ಯಾರು ಹಚ್ಚಿದ್ದು?”

“ನಾನೇ.”

“ಹೀಗಾ ಹಚ್ಚೋದು? ನೆತ್ತಿಗೆ ಬಿದ್ದೇ ಇಲ್ಲ. ಎಲ್ಲಾ ಕೆನ್ನೆಗೆ ಹಾಕ್ಕೊಂಡಿದೀಯ.” ಹೇಳುತ್ತಾ ಹೇಳುತ್ತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದರು. ನೆತ್ತಿ ತಟ್ಟುವ ಸದ್ದು ಹೊರಗೆ ಕೇಳಿಸಿತು. ಆಮೇಲೆ, “ಗುರು, ನೀರು ತಾ.”

ಲಿಮ್ ಆಂಟಿ ಒಲೆಯ ಮುಂದೆ, ನಾನು ಕಾರಿಡಾರಿನಲ್ಲಿ, ಪ್ರಕಾಶ್ ಅಡುಗೆಮನೆಯಲ್ಲಿ. ಪಾತ್ರೆ ಕೈಯಿಂದ ಕೈಗೆ ಬಂದು ಬಚ್ಚಲ ಬಾಗಿಲಲ್ಲಿ ಕೂರುತ್ತಿತ್ತು, ಒಂದು ಬಳೆಯ ಕೈ ಅದನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಬಾಗಿಲ ಸಂದಿಯಿಂದ ಹಬೆ ಬಂದು ಪ್ರಕಾಶ್ ಕನ್ನಡಕ ಮಂಜಾಯಿತು. ಶುಂಠಿ, ಹರಳೆಣ್ಣೆ, ಸೀಗೆಕಾಯಿ, ಪಕ್ಕದ ಮನೆಯ ಸೂಪು, ಎಲ್ಲಾ ಸೇರಿದ ಒಂದು ವಾಸನೆ ಮನೆ ತುಂಬಾ ಹರಡಿತು. ಮಗು ಮಲಗಿತ್ತು.

ಒಳಗೆ ಬಹಳ ಹೊತ್ತು ನೀರಿನ ಸದ್ದೊಂದೇ ಇತ್ತು. ಆಮೇಲೆ ಸುಧಾ ದನಿ ಕೇಳಿಸಿತು, ನಾನು ಎಂದೂ ಕೇಳಿರದಷ್ಟು ಚಿಕ್ಕ ದನಿ.

“ಅಮ್ಮಾ, ಸೊಂಟಕ್ಕೆ ಇನ್ನೊಂದು ನಾಲ್ಕು ಚೊಂಬು.”

“ಎಲ್ಲಾ ಇವತ್ತೇ ಹುಯ್ದ್ರೆ ಮೈ ತಡ್ಯಲ್ಲ. ಸಾಕು ಏಳು. ನಾಳೆ ಹುಯ್ತೀನಿ.”

ಪ್ರಕಾಶ್ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರು ಮಂಜಾದ ಕನ್ನಡಕ ಒರೆಸದೆಯೇ ಫೋನ್ ತೆಗೆದುಕೊಂಡು ಟ್ರಾವೆಲ್ ಏಜೆಂಟಿಗೆ ನಂಬರ್ ಒತ್ತಿ, ನಾಳೆ ಬೆಳಗಿನ ಟಿಕೆಟ್ ಕ್ಯಾನ್ಸಲ್ ಮಾಡಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆ ಕಡೆಯವರು ಹೊಸ ತಾರೀಕು ಕೇಳಿದರು ಅಂತ ಕಾಣುತ್ತದೆ. ಪ್ರಕಾಶ್ ಬಚ್ಚಲ ಬಾಗಿಲ ಕಡೆ ತಿರುಗಿ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಒಳಗೆ ಕಿವಿಗೆ ಹತ್ತಿ ಇಡುವ ಜಗಳ ಶುರುವಾಗಿತ್ತು.

“ಈಗ್ಲೇ ಹೇಳಕ್ಕಾಗಲ್ಲ, ಇನ್ನೂ ನಡೀತಿದೆ” ಎಂದರು, ಏಜೆಂಟಿಗೆ, ಕನ್ನಡದಲ್ಲಿ.